ಆಳದ ಟೆಕ್ನಿಕಲ್ ಕೋರ್ಸ್‌ಗೆ ಇನ್ನು ಮುಂದೆ 100 ಡೈವ್ ಬೇಕು: ನಮ್ಮ ಡೈವರ್‌ಗಳಿಗೆ ಒಂದು ಪತ್ರ

ಪ್ರೀತಿಯ ಡೈವರ್‌ಗಳೇ,

ಸುತ್ತಿ ಬಳಸದೆ ಹೇಳುತ್ತೇವೆ. ಈ ಸೀಸನ್‌ನಿಂದ ನಮ್ಮಲ್ಲಿ ಆಳದ ಟೆಕ್ನಿಕಲ್ ಕೋರ್ಸ್‌ಗೆ, ಅಂದರೆ 40, 50 ಮೀಟರ್‌ಗೆ ಇಳಿಯಲು ಕಲಿಸುವ ಕೋರ್ಸ್‌ಗೆ, ಸೇರಬೇಕಾದರೆ ಲಾಗ್‌ಬುಕ್‌ನಲ್ಲಿ ಕನಿಷ್ಠ 100 ಡೈವ್ ಇರಬೇಕು. ಹೋದ ವರ್ಷದವರೆಗೆ 30 ಇದ್ದರೆ ಸೇರಿಸಿಕೊಳ್ಳುತ್ತಿದ್ದೆವು. ಇನ್ನೊಂದು ಬದಲಾವಣೆ, ಉಸಿರಾಡಲಿಕ್ಕೆ ಸಿಲಿಂಡರ್‌ಗೆ ತುಂಬುವ ಗ್ಯಾಸ್‌ನ ಖರ್ಚು ಇನ್ನು ಫೀಸಿನೊಳಗೆ ಬರುವುದಿಲ್ಲ. ಬಿಲ್ ಎಷ್ಟೋ ಅಷ್ಟು, ಬೇರೆಯಾಗಿ.

ಮಳೆಗಾಲದಲ್ಲೇ ಮುಂಗಡ ಕೊಟ್ಟು ಕಾದಿದ್ದ ಒಂಬತ್ತು ಮಂದಿಗೆ ಇದರಿಂದ ಬೇಜಾರಾಗಿದೆ. ಆಗಲೇಬೇಕು. ಹಣ ತೆಗೆದುಕೊಂಡ ಮೇಲೆ ನಿಯಮ ಬದಲಿಸಿದ್ದು ನಮ್ಮ ತಪ್ಪು, ಮೇ ತಿಂಗಳಲ್ಲಿ ಬೋಟು ಮೇಲಕ್ಕೆಳೆಯುವಾಗಲೇ ತೀರ್ಮಾನ ಮಾಡಬೇಕಿತ್ತು. ದಯವಿಟ್ಟು ಕ್ಷಮಿಸಿ. ಮುಂಗಡ ಪೂರ್ತಿ ವಾಪಸ್ ಕೊಡುತ್ತೇವೆ, ಒಂದು ರೂಪಾಯಿಯನ್ನೂ ಹಿಡಿದುಕೊಳ್ಳುವುದಿಲ್ಲ.

ಆದರೆ ಒಂದು ಮಾತು ತುಂಬಾ ಸಲ ಕಿವಿಗೆ ಬಿದ್ದಿದೆ. ಫೋನಿನಲ್ಲಿ ಕೇಳಿದ್ದೇವೆ, ಬಂದರಿನ ಧಕ್ಕೆಯಲ್ಲಿ ಮುಖಕ್ಕೇ ಹೇಳಿದವರೂ ಇದ್ದಾರೆ. "ಡೈವಿಂಗ್ ಕಾರ್ಡ್ ಕೊಡುವ ಏಜೆನ್ಸಿಯೇ 30 ಡೈವ್ ಸಾಕು ಅನ್ನುತ್ತದೆ. ನಿಮ್ಮದು ಎಂತ 100? ಉಳಿದ 70 ಡೈವ್‌ಗೂ ನೇತ್ರಾಣಿ ದ್ವೀಪಕ್ಕೆ ಕರೆದುಕೊಂಡು ಹೋಗಿ ದುಡ್ಡು ಮಾಡಲಿಕ್ಕೆ ಅಲ್ವಾ?"

ದುಡ್ಡಿನ ಮಾತಿಗೆ ಮೊದಲು ಉತ್ತರ. ಆ 70 ಡೈವ್ ನೀವು ಎಲ್ಲಿ ಬೇಕಾದರೂ ಮಾಡಿ. ಅಂಡಮಾನ್, ಲಕ್ಷದ್ವೀಪ, ಗೋವಾ, ಯಾವ ಅಂಗಡಿಯ ಸೀಲ್ ಇದ್ದರೂ ನಮಗೆ ಆಗುತ್ತದೆ. ನಮ್ಮ ಜೊತೆಗೇ ಮಾಡಬೇಕು ಎಂದು ನಾವು ಯಾರಿಗೂ ಹೇಳಿಲ್ಲ, ಹೇಳುವುದೂ ಇಲ್ಲ.

ಇನ್ನು ಏಜೆನ್ಸಿಯ ಮಾತು. ಏಜೆನ್ಸಿ ಅಂದರೆ ಪ್ಯಾಡಿ. ಅದರ 40 ಮೀಟರ್‌ನ ಟೆಕ್ 40 ಕೋರ್ಸ್‌ಗೆ 30 ಡೈವ್ ಸಾಕು, ನಿಜ. ಆದರೆ ಅದೇ ಪ್ಯಾಡಿ 50 ಮೀಟರ್‌ನ ಟೆಕ್ 50ಗೆ 100 ಕೇಳುತ್ತದೆ. ನಮ್ಮಲ್ಲಿ ಮೊದಲ ಕೋರ್ಸ್ ಮುಗಿಸಿದ ಯಾರೂ 40ಕ್ಕೆ ನಿಲ್ಲುವುದಿಲ್ಲ, ಮುಂದಿನ ತಿಂಗಳೇ 50ಕ್ಕೆ ಯಾವಾಗ ಎಂದು ಕೇಳುತ್ತಾರೆ. ಹಾಗಾಗಿ ಆ 100 ಅನ್ನು ನಾವು ಬಾಗಿಲಲ್ಲೇ ಕೇಳುತ್ತಿದ್ದೇವೆ. ಯಕ್ಷಗಾನದಲ್ಲಿ ಗೆಜ್ಜೆ ಕಟ್ಟಿದ ವರ್ಷವೇ ಯಾರಿಗೂ ಎರಡನೇ ವೇಷದಂಥ ದೊಡ್ಡ ಪಾತ್ರ ಕೊಡುವುದಿಲ್ಲ. ಕೋಡಂಗಿ, ಬಾಲಗೋಪಾಲ ಕುಣಿದೇ ಬರಬೇಕು. ಅದನ್ನು ಅವಮಾನ ಎಂದು ಯಾರೂ ತಿಳಿಯುವುದಿಲ್ಲ.

ಹೋದ ಫೆಬ್ರವರಿಯಲ್ಲಿ ನೇತ್ರಾಣಿಯಲ್ಲಿ ಆದದ್ದು ಕೇಳಿ. ನಮ್ಮಲ್ಲಿ ಕಲಿಯುತ್ತಿದ್ದ ಒಬ್ಬ ಹುಡುಗ, ಒಳ್ಳೆಯವನು, ಈಜು ಚೆನ್ನಾಗಿ ಬರುತ್ತದೆ, ಆಗ 38 ಡೈವ್ ಆಗಿತ್ತು. 16 ಮೀಟರ್‌ನಲ್ಲಿ ವಾಲ್ವ್ ಡ್ರಿಲ್ ಮಾಡಿಸುತ್ತಿದ್ದೆವು. ಬೆನ್ನಿಗೆ ಕಟ್ಟಿದ ಟ್ವಿನ್, ಅಂದರೆ ಜೋಡಿ, ಸಿಲಿಂಡರಿನ ಬಲಗಡೆಯ ವಾಲ್ವನ್ನು ತಲೆಯ ಹಿಂದೆ ಕೈ ಹಾಕಿ ಮುಚ್ಚಬೇಕು, ಅಷ್ಟೇ ಕೆಲಸ. ಕೈ ಎಟಕಲಿಲ್ಲ. ತಲೆ ಬಗ್ಗಿಸಿದ, ಎದೆ ತುಂಬಾ ಉಸಿರು ತುಂಬಿಕೊಂಡ, ಸಿಕ್ಕಿದ ನಾಬನ್ನು ಉಲ್ಟಾ ತಿರುಗಿಸಿದ. ಅಷ್ಟರಲ್ಲಿ ಎದೆಯ ಗಾಳಿಗೆ ತೇಲಿ 12 ಮೀಟರ್‌ಗೆ ಬಂದಾಗಿತ್ತು. ಹೆಗಲು ತಟ್ಟಿ, ಆಳ ತೋರಿಸುವ ಅವನ ಡೈವ್ ಕಂಪ್ಯೂಟರ್ ಅವನಿಗೇ ತೋರಿಸಬೇಕಾಯಿತು. ಬೋಟು ಹತ್ತಿದ ಮೇಲೂ ಕೇಳಿದ, "ನಾನು ಮೇಲೆ ಬಂದಿದ್ನಾ ಸರ್?"

16 ಮೀಟರ್‌ನಲ್ಲಿ ಅದರಿಂದ ಏನೂ ಆಗಲಿಲ್ಲ. ಆದರೆ 50 ಮೀಟರ್‌ನಲ್ಲಿ 20 ನಿಮಿಷ ಇದ್ದು ಬಂದರೆ ತಲೆಯ ಮೇಲೆ ಕಣ್ಣಿಗೆ ಕಾಣದ ಮಾಡು ಇದ್ದ ಹಾಗೆ. ಮೈಯೊಳಗೆ ಸೇರಿದ ನೈಟ್ರೋಜನ್ ಹೊರಗೆ ಹೋಗುವವರೆಗೆ ಹಂತ ಹಂತವಾಗಿ ನಿಂತೇ ಮೇಲೆ ಬರಬೇಕು. ನಡುವೆ ಹೆದರಿಕೆಯಾಯಿತು ಎಂದು ನೇರ ಮೇಲೆ ಬರುವಂತಿಲ್ಲ. ಅಲ್ಲಿ ಒತ್ತಡ ಮೇಲಿನದರ ಆರು ಪಟ್ಟು. ಮೇಲೆ ನಿಮಿಷಕ್ಕೆ 25 ಲೀಟರ್ ಗಾಳಿ ಎಳೆಯುವವನು ಅಲ್ಲಿ 150 ಲೀಟರ್ ಎಳೆಯುತ್ತಾನೆ. ನೀವೆಲ್ಲ ಕಲಿತ 12 ಲೀಟರಿನ ಒಂದು ಸಿಲಿಂಡರ್ 16 ನಿಮಿಷಕ್ಕೆ ಖಾಲಿ. 30 ಮೀಟರ್ ದಾಟಿದರೆ ಮಂಡೆ ಬೇರೆ ಮಂಕಾಗುತ್ತದೆ. ಪಕ್ಕದಲ್ಲಿ ನೇತಾಡುವ ಸಿಲಿಂಡರ್‌ನಲ್ಲಿ 50 ಶೇಕಡಾ ಆಕ್ಸಿಜನ್ ಇರುತ್ತದೆ, ಅದು 21 ಮೀಟರ್‌ಗಿಂತ ಮೇಲೆ ಮಾತ್ರ ಉಸಿರಾಡಲಿಕ್ಕೆ. ಮಂಕಾದ ಮಂಡೆಯಲ್ಲಿ ಆ ರೆಗ್ಯುಲೇಟರನ್ನು 50 ಮೀಟರ್‌ನಲ್ಲಿ ಬಾಯಿಗಿಟ್ಟರೆ ಫಿಟ್ಸ್ ಬರಬಹುದು, ನೀರಿನೊಳಗೆ ಫಿಟ್ಸ್ ಬಂದರೆ ಮುಳುಗಿದ ಹಾಗೆಯೇ. ನಮ್ಮ ಬೋಟಿನಲ್ಲಿ ಇರುವುದು ಎಮರ್ಜೆನ್ಸಿ ಆಕ್ಸಿಜನ್ ಮಾತ್ರ, ಅವಸರದಲ್ಲಿ ಮೇಲೆ ಬಂದವರಿಗೆ ಒತ್ತಡದಲ್ಲಿಟ್ಟು ಚಿಕಿತ್ಸೆ ಕೊಡುವ ಚೇಂಬರ್ ಇಲ್ಲ. ತೇಲುವುದು ಯೋಚಿಸದೇ ಬರುವಷ್ಟು ಅಭ್ಯಾಸ ಆದ ಮೇಲೆ ಉಳಿದ ವಿಷಯಕ್ಕೆ ತಲೆ ಖಾಲಿ ಇರುತ್ತದೆ. ಅದಕ್ಕೇ ಈ 100.

ಈಗ ಗ್ಯಾಸ್. "ರೇಟ್ ಏರಿಸಿದರು" ಎಂದು ಹೇಳುವವರು ಈ ಲೆಕ್ಕ ನೋಡಬೇಕು. 12 ಲೀಟರಿನ ಎರಡು ಸಿಲಿಂಡರ್, 200 ಬಾರ್, ಅಂದರೆ 4800 ಲೀಟರ್. ಆಳದಲ್ಲಿ ಮಂಡೆ ಮಂಕಾಗದ ಹಾಗೆ ಹೀಲಿಯಂ ಬೆರೆಸಿದ ಗ್ಯಾಸಿಗೆ ಟ್ರೈಮಿಕ್ಸ್ ಎನ್ನುತ್ತಾರೆ, 35 ಶೇಕಡಾ ಹೀಲಿಯಂ ಇರುವ ಟ್ರೈಮಿಕ್ಸ್ ಆದರೆ ಅದರಲ್ಲಿ 1680 ಲೀಟರ್ ಹೀಲಿಯಂ. ಒಬ್ಬರಿಗೆ, ಒಂದು ಡೈವ್‌ಗೆ. ದೇಶಕ್ಕೆ ಹೀಲಿಯಂ ಬಹುತೇಕ ಹೊರಗಿನಿಂದಲೇ ಬರಬೇಕು, ರೇಟ್ ನಮ್ಮ ಕೈಯಲ್ಲಿಲ್ಲ. ನಮಗೆ ಬರುವುದು 47 ಲೀಟರಿನ ಸಿಲಿಂಡರ್, 150 ಬಾರ್. ಪ್ರತಿ ಜೋಡಿ ಸಿಲಿಂಡರ್‌ನ ಸೆಟ್‌ಗೆ 70 ಬಾರ್ ಹೀಲಿಯಂ ತುಂಬಬೇಕು. ಎರಡು ಸೆಟ್ ತುಂಬುವಾಗ ದೊಡ್ಡ ಸಿಲಿಂಡರ್ 80 ಬಾರ್‌ಗಿಂತ ಕೆಳಗೆ ಇಳಿದಿರುತ್ತದೆ, ಮೂರನೇ ಸೆಟ್‌ಗೆ 70 ಸಿಗುವುದಿಲ್ಲ. ಅರ್ಧದಷ್ಟು ಗ್ಯಾಸ್ ಒಳಗೇ ಕೂತಿರುತ್ತದೆ, ದುಡ್ಡು ಮಾತ್ರ ಪೂರ್ತಿ ಕೊಟ್ಟಾಗಿರುತ್ತದೆ. ನಮ್ಮ ಕರಾವಳಿಯ ಹತ್ತಿರ ಅಷ್ಟು ಆಳ ಇಲ್ಲದ್ದಕ್ಕೆ ಆಳದ ಡೈವ್‌ಗೆ ಅಂಡಮಾನ್‌ಗೇ ಹೋಗಬೇಕು. ತುಂಬಿದ ಸಿಲಿಂಡರ್ ವಿಮಾನದಲ್ಲಿ ಬ್ಯಾಗಿನ ಜೊತೆ ಬರುವುದಿಲ್ಲ, ಹಡಗಿಗೆ ಹಾಕಿ ಮೊದಲೇ ಕಳಿಸಬೇಕು. ಹೋದ ಸೀಸನ್‌ನಲ್ಲಿ ಅಭ್ಯಾಸ ಸಾಲದ ಕಾರಣ ಅದೇ ಡೈವನ್ನು ಎರಡೆರಡು ಸಲ ಮಾಡಿಸಿದ್ದೇವೆ, ಪ್ರತಿ ಸಲ ಹೊಸ ಗ್ಯಾಸ್, ಅದೆಲ್ಲ ನಮ್ಮ ಜೇಬಿನಿಂದ. ಹೀಗಿದ್ದೂ ಯಾರನ್ನೂ ಅರ್ಧದಲ್ಲಿ ಕೈಬಿಡಲಿಲ್ಲ, ಯಾರಿಗೂ ಸುಮ್ನೆ ಕಾರ್ಡ್ ಕೊಡಲಿಲ್ಲ. ಅದರ ಬಗ್ಗೆ ನಮಗೆ ಹೆಮ್ಮೆ ಉಂಟು.

ಹೊಸಬರು ಆಳಕ್ಕೆ ಹೋಗಲೇಬಾರದು ಎಂದು ನಾವು ಹೇಳುತ್ತಿಲ್ಲ. ಆಸೆ ಇದ್ದವರು ಈಗಲೇ ಶುರು ಮಾಡಿ. ಆಕ್ಸಿಜನ್ ಹೆಚ್ಚಿರುವ ಗಾಳಿ ಬಳಸಲು ಕಲಿಸುವ ನೈಟ್ರಾಕ್ಸ್ ಕೋರ್ಸ್ ಮಾಡಿ, ರೆಸ್ಕ್ಯೂ ಕೋರ್ಸ್ ಮಾಡಿ. ನೀರಿನ ನಡುವೆ ಒಂದೇ ಕಡೆ ನಿಂತು, ಬೋಟಿಗೆ ಗುರುತು ಕಾಣಲು ಮೇಲಕ್ಕೆ ಬಲೂನ್ ಬಿಡುವುದು ಕಲಿಯಿರಿ. ಈ ಸೀಸನ್‌ನ ಪ್ರತಿ ನೇತ್ರಾಣಿ ಟ್ರಿಪ್‌ನಲ್ಲೂ ಎರಡು ಟ್ವಿನ್ ಸೆಟ್ ನಿಮಗಾಗಿ ಇಡುತ್ತೇವೆ. 10 ಮೀಟರ್‌ನಲ್ಲಿ ಹಾಕಿಕೊಂಡು ಅಭ್ಯಾಸ ಮಾಡಿ, ಬೋಟಿನ ಖರ್ಚು ಬಿಟ್ಟು ಬೇರೇನೂ ತೆಗೆದುಕೊಳ್ಳುವುದಿಲ್ಲ, ನಮ್ಮಲ್ಲೊಬ್ಬರು ಜೊತೆಗೇ ಇರುತ್ತೇವೆ. ಆ 38 ಡೈವ್‌ನ ಹುಡುಗ ಈಗ 61ಕ್ಕೆ ಬಂದಿದ್ದಾನೆ, ಹೋದ ವಾರ ವಾಲ್ವ್ ಮುಚ್ಚಿದಾಗ ಅರ್ಧ ಮೀಟರ್ ಕೂಡ ಅಲುಗಲಿಲ್ಲ.

ಮುಂಗಡ ಕೊಟ್ಟವರು ಈ ತಿಂಗಳ ಕೊನೆಯೊಳಗೆ ಒಂದು ಫೋನ್ ಮಾಡಿ. ಹಣ ವಾಪಸ್ ಬೇಕಾ, 100 ಆಗುವವರೆಗೆ ಹಳೆಯ ಕೋರ್ಸ್ ಫೀಸಿಗೇ ಸೀಟು ಇಟ್ಟುಕೊಳ್ಳಬೇಕಾ, ನೀವು ಹೇಳಿದ ಹಾಗೆ. ಸಿಟ್ಟಿದ್ದರೆ ಅಂಗಡಿಗೇ ಬನ್ನಿ, ಸಂಜೆ ಐದರ ಮೇಲೆ ನಾವೆಲ್ಲರೂ ಇರುತ್ತೇವೆ, ಲಾಗ್‌ಬುಕ್ ತನ್ನಿ, ಕೂತು ಮಾತಾಡೋಣ.

ನಿಮ್ಮ ಡೈವ್ ಅಂಗಡಿಯವರು,
ಮಲ್ಪೆ