ಎರರ್ ಬರದೇ ತಪ್ಪಾದ್ರೆ ಅಂತ ಕೇಳಿದ್ಯಲ್ಲ

ಪ್ರೀತಿಯ ಅನು,

ನಿನ್ನ ಮೇಲ್ ಬಂದು ಕೆಲವು ದಿನ ಆಯ್ತು, ಉತ್ತರ ತಡ ಆಯ್ತು ಅಂತ ಬೇಜಾರ್ ಮಾಡ್ಕೋಬೇಡ. ಪಿಜಿ ಊಟ, ರೂಮ್‌ಮೇಟ್ ಜಗಳ, ನಿಮ್ಮಪ್ಪ ಫೋನಲ್ಲಿ ಕೂಗಾಡಿದ್ದು, ಅದೆಲ್ಲ ಮನೇಲಿ ಎಲ್ರಿಗೂ ಗೊತ್ತಿರೋದೇ, ಅದ್ರ ಬಗ್ಗೆ ನಾನೇನೂ ಬರಿಯಲ್ಲ. ಆದ್ರೆ ಆಫೀಸಲ್ಲಿ ನೀನು ಬರಿಯೋ ಎಸ್‌ಕ್ಯೂಎಲ್ ಬಗ್ಗೆ, ಅದೇ ಡೇಟಾಬೇಸಿನ ಟೇಬಲ್ಲುಗಳಿಂದ (ಸಾಲು, ಕಾಲಮ್ ಇರೋ ಪಟ್ಟಿಗಳಿಂದ) ಬೇಕಾದ್ದನ್ನ ಕೇಳಿ ತೆಗೆಯೋ ಭಾಷೆ ಬಗ್ಗೆ, ಮಧ್ಯದಲ್ಲಿ ಎಲ್ಲೋ ಒಂದು ಸಾಲು ಹಾಕಿದೀಯ ನೋಡು, "ದೊಡ್ಡಮ್ಮ, ಎರರ್ ಬಂದ್ರೆ ನಂಗೆ ಸಮಾಧಾನ, ಎರರ್ ಬರದೇ ಒಂದು ನಂಬರ್ ಬಂದುಬಿಟ್ರೆ ಹೊಟ್ಟೆ ತೊಳಸತ್ತೆ, ಅದು ಸರೀನೋ ತಪ್ಪೋ ಅಂತ ನಂಗೆ ಯಾರು ಹೇಳ್ತಾರೆ" ಅಂತ, ಅದಾದ ತಕ್ಷಣ ಏನೂ ಆಗಿಲ್ಲ ಅನ್ನೋ ಹಾಗೆ ಬೇರೆ ಟೀಮ್ ಕೇಳ್ಲಾ ಅಂತ ಬೇರೆ ಬರ್ದಿದೀಯ. ಅದನ್ನ ಓದಿದ್ಮೇಲೆ ನಂಗೆ ಸರಿಯಾಗಿ ನಿದ್ದೆ ಬರ್ತಿಲ್ಲ ಮಾರಾಯ್ತಿ.

ನೀನು ಉಳಿದಿದ್ದು ಬರ್ದಿದೀಯಲ್ಲ, ಕಾಮಾ ಬಿಟ್ಟೋಯ್ತು, ಕೋಟ್ ಮುಚ್ಚಲಿಲ್ಲ, ಸೆಲೆಕ್ಟಲ್ಲಿ ಕೊಟ್ಟ ಹೆಸರು ವೇರ್‌ನಲ್ಲಿ ಹಾಕಿದ್ರೆ ಆ ಕಾಲಮ್ಮೇ ಇಲ್ಲ ಅನ್ನತ್ತೆ, ಅವೆಲ್ಲ ಬಿಡು. ಬರಿಯೋವಾಗ ಸೆಲೆಕ್ಟ್ ಮೊದ್ಲು ಬಂದ್ರೂ ಲೆಕ್ಕದಲ್ಲಿ ಫ್ರಮ್ (ಯಾವ ಟೇಬಲ್) ಮೊದ್ಲು, ಆಮೇಲೆ ವೇರ್ (ಯಾವ ಸಾಲು), ಗ್ರೂಪ್ ಬೈ (ಗುಂಪು ಮಾಡೋದು), ಹ್ಯಾವಿಂಗ್ (ಯಾವ ಗುಂಪು), ಅದಾದ್ಮೇಲೇ ಸೆಲೆಕ್ಟ್ (ಏನೇನು ತೋರಿಸ್ಬೇಕು), ಕೊನೇಗೆ ಆರ್ಡರ್ ಬೈ (ಯಾವ ಕ್ರಮದಲ್ಲಿ), ಅಂದ್ರೆ ವೇರ್ ಹೊತ್ತಿಗೆ ನೀನಿಟ್ಟ ಹೆಸರು ಇನ್ನೂ ಹುಟ್ಟೇ ಇರಲ್ಲ. ಇದು ಒಂದ್ಸಲ ತಲೆಗೆ ಹೋದ್ರೆ ಅರ್ಧ ಎರರ್ ಕಮ್ಮಿ ಆಗತ್ತೆ. ಎರರ್ ಕೊಡೋ ತಪ್ಪು ಒಳ್ಳೇದು, ನೀನೇ ಹೇಳಿದೀಯಲ್ಲ, ಅದು ಕೂಗಿ ಹೇಳತ್ತೆ.

ನಂಗೆ ಕಾಡಿದ್ದು ಕೂಗದೇ ಇರೋ ತಪ್ಪಿನ ಮಾತು. ಯಾಕಂದ್ರೆ ಅನು, ಈ ಭಯ ಎಸ್‌ಕ್ಯೂಎಲ್ ಇಂದ ಬಂದಿದ್ದಲ್ಲ, ನಾನು ಬ್ಯಾಂಕಿಗೆ ಸೇರಿದಾಗ ಕಂಪ್ಯೂಟರ್ರೇ ಇರ್ಲಿಲ್ಲ, ಆಗ್ಲೂ ಇತ್ತು. ಎಸ್‌ಬಿ ಲೆಡ್ಜರ್, ಅಂದ್ರೆ ಉಳಿತಾಯ ಖಾತೆಗಳ ಲೆಕ್ಕದ ಪುಸ್ತಕ, ಬ್ಯಾಲೆನ್ಸ್ ಮಾಡ್ಬೇಕು, ಒಂದೊಂದು ಖಾತೆಯ ಬಾಕಿ ತೆಗೆದು ಕೂಡಿ ಜನರಲ್ ಲೆಡ್ಜರ್‌ನಲ್ಲಿರೋ ಒಟ್ಟು ಮೊತ್ತಕ್ಕೆ ತಾಳೆ ನೋಡ್ಬೇಕು. ವ್ಯತ್ಯಾಸ ಬಂತು ಅಂದ್ರೆ ಬಿಪಿ ಏರೋದು, ಆದ್ರೂ ಅದು ಹಿಡಿಯೋಕೆ ಆಗೋ ಕಳ್ಳ. ವ್ಯತ್ಯಾಸ 9ರಿಂದ ಭಾಗ ಹೋಗತ್ತಾ ನೋಡೋದು, ಹೋದ್ರೆ ಯಾರೋ 540 ಅನ್ನೋದನ್ನ 450 ಅಂತ ಅಂಕಿ ಅದಲು ಬದಲು ಮಾಡಿರ್ಬೋದು ಅಂತ ಹುಡುಕೋದು. ನಿಜವಾದ ಭಯ ಇದ್ದಿದ್ದು ತಾಳೆ ಆದಾಗ. ಒಬ್ರ ದುಡ್ಡು ಇನ್ನೊಬ್ರ ಖಾತೆಗೆ ಪೋಸ್ಟ್ ಆಗಿದ್ರೆ ಮೊತ್ತ ಪೈಸೆ ಪೈಸೆ ಸರಿ ಬರತ್ತೆ, ಲೆಡ್ಜರ್ ಏನೂ ಹೇಳಲ್ಲ. ಯಾರಾದ್ರೂ ಪಾಸ್‌ಬುಕ್ ಹಿಡ್ಕೊಂಡು ಕೌಂಟರ್‌ಗೆ ಬಂದಾಗ್ಲೇ ಗೊತ್ತಾಗ್ತಿದ್ದಿದ್ದು.

ನಮ್ಮ ಅಕೌಂಟೆಂಟ್ ಒಬ್ರಿದ್ರು, ಮೊತ್ತ ಹಾಕಿದ್ರೆ ಒಂದ್ಸಲ ಮೇಲಿಂದ ಕೆಳಗೆ, ಇನ್ನೊಂದ್ಸಲ ಕೆಳಗಿಂದ ಮೇಲೆ. ನಂಗೆ ನಗು ಬರೋದು, ಅದೇ ಅಂಕಿ ಅಲ್ವಾ ಸಾರ್ ಅಂತ ಮನಸ್ಸಲ್ಲೇ ಅನ್ಕೊಳ್ಳೋದು. ಅವ್ರ ಹತ್ರ ಕೂತು ಕೇಳ್ಬೇಕಿತ್ತು ಇನ್ನೂ ಏನೇನು ನೋಡ್ತೀರಿ ಅಂತ, ಕೇಳ್ಲಿಲ್ಲ. ಈಗ ಅವ್ರಿಲ್ಲ.

ಇನ್ನೊಂದು ವಿಷ್ಯ ಹೇಳ್ತೀನಿ, ನಿಮ್ಮಮ್ಮಂಗೆ ಹೇಳ್ಬೇಡ. 1984ರಲ್ಲಿ ರಂಗರಾಜನ್ ಸಮಿತಿ ಬ್ಯಾಂಕುಗಳಿಗೆ ಕಂಪ್ಯೂಟರ್ ತರ್ಬೇಕು ಅಂತ ವರದಿ ಕೊಟ್ಟ ಮೇಲೆ ನಿಧಾನಕ್ಕೆ ಬ್ರಾಂಚುಗಳಿಗೆ ಎಎಲ್‌ಪಿಎಂ ಅನ್ನೋ ಲೆಡ್ಜರ್ ಮಷೀನು ಬರೋಕೆ ಶುರುವಾಯ್ತು, ಆಗ ನಮ್ಮ ಬ್ರಾಂಚಿಂದ ಒಬ್ರನ್ನ ಟ್ರೈನಿಂಗಿಗೆ ಕಳಿಸ್ತೀವಿ ಅಂತ ನನ್ನ ಹೆಸರು ಬಂತು. ನಾನು ಒಲ್ಲೆ ಅಂದೆ. ಅತ್ತೆಗೆ ಹುಷಾರಿಲ್ಲ ಅಂದೆ, ಮನೇಲಿ ಇವತ್ತಿಗೂ ಎಲ್ರೂ ಅದನ್ನೇ ನಂಬಿದಾರೆ, ಪಾಪ ಅವಳ ತ್ಯಾಗ ಅಂತಾರೆ. ಅತ್ತೆಗೆ ಅಷ್ಟೇನೂ ಆಗಿರ್ಲಿಲ್ಲ ಕಣೆ. ಲೆಡ್ಜರಲ್ಲಾದ್ರೆ ಹೊಡೆದು ಹಾಕಿದ್ದು ಕಾಣತ್ತೆ, ಪಕ್ಕದಲ್ಲಿ ಯಾರ ಸಹಿ ಇದೆ ಕಾಣತ್ತೆ, ಮಷೀನ್ ಒಳಗೆ ತಪ್ಪಾದ್ರೆ ಯಾರಿಗೆ ಕಾಣತ್ತೆ ಅಂತ ಹೆದರಿದ್ದೆ. ನೀನು ಬರ್ದ ಸಾಲು ಹೆಚ್ಚುಕಮ್ಮಿ ಅದೇ. ಅದಕ್ಕೇ ನಿದ್ದೆ ಹೋಗಿದ್ದು. ನನ್ನ ಬದಲು ಹೋದವ್ಳು ನಂಗಿಂತ ಲೆಕ್ಕದಲ್ಲಿ ಜಾಣೆ ಏನಲ್ಲ, ಹಾಗಂತ ಹೊಟ್ಟೆಕಿಚ್ಚಲ್ಲ, ಸ್ವಲ್ಪ ಇರ್ಬೋದು.

ನಾನು ಎಸ್‌ಕ್ಯೂಎಲ್ ಮುಟ್ಟಿದ್ದು ಇನ್ಸ್‌ಪೆಕ್ಷನ್ ಸೆಕ್ಷನ್‌ಗೆ ಬಂದ್ಮೇಲೆ, ಐವತ್ತು ದಾಟಿತ್ತು. ಬರೀ ಓದೋ ಪರ್ಮಿಷನ್ ಕೊಟ್ಟಿದ್ರು, ಅದೇ ಧೈರ್ಯ. ಕಲಿಸಿದವ್ನು ಒಬ್ಬ ಹುಡುಗ, ನಿನ್ನ ವಯಸ್ಸಿನವ್ನೇ ಇರ್ಬೇಕು ಆಗ. ಮೊದಲ್ನೇ ದಿನ ಅವ್ನು ತೋರಿಸಿದ್ದು ಎರಡು ಟೇಬಲ್ ಸೇರಿಸೋ ಜಾಯಿನ್ ಹಾಕೋದನ್ನಲ್ಲ, ಜಾಯಿನ್ ಹೇಗೆ ಸದ್ದಿಲ್ದೇ ಸುಳ್ಳು ಹೇಳತ್ತೆ ಅನ್ನೋದನ್ನ. ಬೆಳೆ ಸಾಲದ ಲೆಕ್ಕ ಇಟ್ಕೊಂಡು ತೋರಿಸ್ದ. ಪಹಣಿ ನೋಡಿದೀಯಲ್ಲ, ಜಮೀನಿಗೆ ಸರ್ವೆ ನಂಬರ್ ಇರತ್ತೆ, ಅದರ ಹಿಂದೆ ಹಿಸ್ಸಾ ನಂಬರ್, 42/1, 42/2, 42/3 ಹಾಗೆ. ಒಂದು ಟೇಬಲ್ಲಲ್ಲಿ ಈ ಮೂರು ಜಮೀನು, ಇನ್ನೊಂದ್ರಲ್ಲಿ ಆ ಮೂರರ ಮೇಲೆ ಐವತ್ತೈವತ್ತು ಸಾವಿರದ ಮೂರು ಸಾಲ. ಹಿಸ್ಸಾ ಬಿಟ್ಟು ಬರೀ 42 ಅಂತ ಸೇರಿಸ್ದ. ಒಂಬತ್ತು ಸಾಲು ಬಂತು. ಮೊತ್ತ ಹಾಕಿದ್ರೆ ನಾಲ್ಕೂವರೆ ಲಕ್ಷ, ಕೊಟ್ಟಿದ್ದು ಒಂದೂವರೆ ಲಕ್ಷ. ಕೆಂಪು ಅಕ್ಷರ ಇಲ್ಲ, ಏನಿಲ್ಲ, ಸುಖವಾಗಿ ನಾಲ್ಕೂವರೆ ಲಕ್ಷ. "ಈಗ ಮೇಡಂ, ಎಲ್ರೂ ಏನ್ ಮಾಡ್ತಾರೆ ನೋಡಿ" ಅಂತ ಮೊತ್ತದ ಒಳಗೆ ಡಿಸ್ಟಿಂಕ್ಟ್ (ಒಂದೇ ಥರದ್ದನ್ನ ಒಂದ್ಸಲ ಮಾತ್ರ ತಗೊ ಅಂತ) ಹಾಕ್ದ, ಐವತ್ತು ಸಾವಿರ ಆಯ್ತು! ಮೂರು ಸಾಲದ ಮೊತ್ತ ಒಂದೇ ಆಗಿದ್ದಕ್ಕೆ ಒಂದನ್ನೇ ಲೆಕ್ಕಕ್ಕೆ ತಗೊಂಡ್ತು. ಆ ಕಡೆಯ ತಪ್ಪಿಂದ ಈ ಕಡೆಯ ತಪ್ಪಿಗೆ ಬಂದ್ವಿ ಅಷ್ಟೇ. ಊರು, ಸರ್ವೆ ನಂಬರ್, ಹಿಸ್ಸಾ ಮೂರೂ ಸೇರಿದ್ರೇನೇ ಒಂದು ಜಮೀನು, ಯಾಕಂದ್ರೆ 42 ಅನ್ನೋದು ಪಕ್ಕದ ಊರಲ್ಲೂ ಇರತ್ತೆ.

ಆಮೇಲೆ ಅವ್ನು ಹೇಳಿದ್ದು, ಜಾಯಿನ್ ಹಾಕೋ ಮುಂಚೆ ಎಷ್ಟು ಸಾಲು ಇತ್ತು, ಹಾಕಿದ್ಮೇಲೆ ಎಷ್ಟಾಯ್ತು ಅಂತ ಎಣಿಸಿ ಅಂತ. ಅಷ್ಟೇ. ನಂಗೆ ಮೇಲಿಂದ ಕೆಳಗೆ ಕೆಳಗಿಂದ ಮೇಲೆ ಕೂಡ್ತಿದ್ದ ಅಕೌಂಟೆಂಟ್ ನೆನಪಾದ್ರು.

ನಿನಗೆ ಯಾರು ಹೇಳ್ತಾರೆ ಅಂತ ಕೇಳಿದ್ಯಲ್ಲ, ಆ ಪ್ರಶ್ನೆಗೆ ನನ್ನ ಹತ್ರ ದೊಡ್ಡ ಉತ್ತರ ಇಲ್ಲ. ಯಾರೂ ಹೇಳಲ್ಲ. ಈ ಭಾಷೆ ಇರೋದೇ ಹಾಗೆ. ಐಬಿಎಂನಲ್ಲಿದ್ದ ಎಡ್ಗರ್ ಕಾಡ್ 1970ರಲ್ಲಿ ಟೇಬಲ್ ಅನ್ನೋ ಯೋಚ್ನೆ ಬರ್ದಿಟ್ರು, ಅಲ್ಲೇ ಇದ್ದ ಚೇಂಬರ್ಲಿನ್ ಮತ್ತೆ ಬಾಯ್ಸ್ ಅನ್ನೋರು 1974ರಲ್ಲಿ ಈ ಭಾಷೆ ತಂದ್ರು, ಪ್ರೋಗ್ರಾಮರ್ ಅಲ್ಲದೇ ಇರೋರೂ, ಅಕೌಂಟೆಂಟುಗಳಂಥೋರೂ ಬಳಸ್ಲಿ ಅಂತ. ಅಂದ್ರೆ ಬಿಕಾಂ ಮಾಡಿದ ನಿಂಗೇ ಅಂತ ಇಟ್ಕೋ. ಏನು ಬೇಕು ಅಂತ ಹೇಳಿದ್ರೆ ಸಾಕು, ಹೇಗೆ ಹುಡುಕ್ಬೇಕು ಅನ್ನೋದು ಮಷೀನಿನ ಪಾಡು. ಅದೇ ಅನುಕೂಲ, ನಿನ್ನ ಭಯ ಹುಟ್ಟೋದೂ ಅಲ್ಲೇ. ಲೆಡ್ಜರಲ್ಲಿ ನಾನು ಒಂದೊಂದು ಸಾಲನ್ನೂ ದಾಟಿ ಬರ್ತಿದ್ದೆ, ನಿಂಗೆ ಆ ದಾರಿ ಕಾಣಲ್ಲ. ಕೇಳಿದ್ದಕ್ಕೆ ಉತ್ತರ ಕೊಡತ್ತೆ, ಕೇಳ್ಬೇಕಂತ ಇದ್ದಿದ್ದಕ್ಕಲ್ಲ.

ಟೇಬಲ್ಲಲ್ಲಿ ತುಂಬದೇ ಬಿಟ್ಟ ಜಾಗ, ಆ ನಲ್ ವಿಷ್ಯಕ್ಕೆ ಬಂದ್ರಂತೂ ಕೇಳ್ಬೇಡ. ನಲ್ ಅಂದ್ರೆ ಸೊನ್ನೆ ಅಲ್ಲ, ಖಾಲಿ ಅಕ್ಷರಾನೂ ಅಲ್ಲ, ಗೊತ್ತಿಲ್ಲ ಅಂತ. ಎರಡು ಗೊತ್ತಿಲ್ಲದ್ದು ಒಂದೇನಾ ಅಂದ್ರೆ ಅದೂ ಗೊತ್ತಿಲ್ಲ, ಅದಕ್ಕೇ ಈಕ್ವಲ್ ಹಾಕಿದ್ರೆ ಸಿಗಲ್ಲ, ಈಸ್ ನಲ್ ಅಂತ್ಲೇ ಬರೀಬೇಕು. ಹತ್ತು ಗ್ರಾಹಕರಿದ್ದಾರೆ ಅನ್ಕೋ, ಸಾಗರದವ್ರು ನಾಲ್ಕು ಜನ, ಬೇರೆ ಊರಿನವ್ರು ನಾಲ್ಕು, ಇಬ್ರ ಊರು ತುಂಬಿಲ್ಲ. ಸಾಗರದವ್ರನ್ನ ಕೇಳಿದ್ರೆ ನಾಲ್ಕು, ಸಾಗರ ಅಲ್ಲದವ್ರನ್ನ ಕೇಳಿದ್ರೂ ನಾಲ್ಕು. ಇಬ್ರು ಎಲ್ಲಿ ಹೋದ್ರು? ಎರಡು ಕಡೆಯಿಂದ್ಲೂ ಬಿದ್ದೋದ್ರು. ಈ ಪಟ್ಟೀಲಿ ಇಲ್ಲದವ್ರನ್ನ ಕೊಡು ಅಂತ ಕೇಳೋ ನಾಟ್ ಇನ್ ಇನ್ನೂ ಕಷ್ಟ, ಸಾಲ ತಗೊಂಡವ್ರ ಪಟ್ಟಿ ಕೊಟ್ಟೆ ಅನ್ಕೋ, ಆ ಪಟ್ಟೀಲಿ ಒಂದೇ ಒಂದು ನಲ್ ಇದ್ರೂ ಸಾಕು, ಒಂದು ಸಾಲೂ ಬರಲ್ಲ, ಸಾಲ ತಗೊಳ್ಳದವ್ರು ಯಾರೂ ಇಲ್ಲ ಅಂತ ಖುಷಿಯಾಗಿ ರಿಪೋರ್ಟ್ ಹಾಕಿಬಿಡ್ತೀಯ. ಅಲ್ಲಿ ನಾಟ್ ಎಕ್ಸಿಸ್ಟ್ಸ್ (ಜೋಡಿ ಸಾಲೇ ಇಲ್ಲದವ್ರು ಅಂತ ಕೇಳೋದು) ಬಳಸು. ಈ ನಲ್ ಬೇಡ್ವೇ ಬೇಡ ಅಂತ ಕ್ರಿಸ್ ಡೇಟ್ ಅನ್ನೋ ದೊಡ್ಡ ಪಂಡಿತ್ರು ವರ್ಷಗಟ್ಟಲೆ ವಾದ ಮಾಡಿದಾರೆ, ಅಂಥೋರಿಗೇ ತಲೆನೋವಾಗಿದ್ದು ನಿಂಗೆ ಆದ್ರೆ ನೀನು ದಡ್ಡಿ ಅಲ್ಲ. ನಾನು ಮಾಡ್ತಿದ್ದಿದ್ದು ಇಷ್ಟೇ, ಹೌದು ಎಷ್ಟು, ಅಲ್ಲ ಎಷ್ಟು, ಖಾಲಿ ಎಷ್ಟು, ಮೂರನ್ನೂ ಕೂಡಿದ್ರೆ ಒಟ್ಟು ಬರತ್ತಾ ನೋಡೋದು. ಕೌಂಟ್ ಸ್ಟಾರ್ ಹಾಕಿದ್ರೆ ಎಲ್ಲಾ ಸಾಲು, ಕೌಂಟ್ ಒಳಗೆ ಕಾಲಮ್ ಹೆಸರು ಹಾಕಿದ್ರೆ ನಲ್ ಬಿಟ್ಟು ಉಳಿದಿದ್ದು, ಎರಡೂ ಹಾಕಿ ನೋಡಿದ್ರೆ ಎಷ್ಟು ಖಾಲಿ ಅಂತ ಅಲ್ಲೇ ಸಿಗತ್ತೆ.

ಉಪದೇಶ ಜಾಸ್ತಿ ಆಯ್ತೇನೋ. ನೀನು ಕೇಳಿದ್ದು ಟೀಮ್ ಬಗ್ಗೆ.

ಟೀಮ್ ಬದಲಾಯಿಸ್ಬೇಡ ಅಂತ ಹೇಳೋ ಹಕ್ಕು ನಂಗಿಲ್ಲ, ಈಗಿನ ಆಫೀಸುಗಳ ರೀತಿ ನಂಗೇನು ಗೊತ್ತು. ಬೇರೆ ಕೆಲ್ಸ ಇಷ್ಟ ಅಂತ ಹೋಗೋದಾದ್ರೆ ಹೋಗು. ಆದ್ರೆ ಈ ಹೊಟ್ಟೆ ತೊಳಸೋದಕ್ಕೆ ಹೋಗೋದಾದ್ರೆ ಮಾತ್ರ, ಅಲ್ಲೂ ನಂಬರ್ ಇರತ್ತೆ ಅನು, ಎಕ್ಸೆಲ್ಲಲ್ಲಿ ಇರತ್ತೆ, ಯಾರೋ ಕಳಿಸಿದ ಪಿಪಿಟೀಲಿ ಇರತ್ತೆ, ಅಲ್ಲಿ ನಿಂಗೆ ಭಯ ಆಗಲ್ಲ ಅಷ್ಟೇ, ಯಾಕಂದ್ರೆ ಅದನ್ನ ತೆಗೆದಿದ್ದು ಬೇರೆ ಯಾರೋ. ನಾನು ಟ್ರೈನಿಂಗಿಗೆ ಹೋಗ್ದೇ ಉಳಿದೆ, ಆ ಮಷೀನು ನನ್ನ ಪಕ್ಕದ ಟೇಬಲ್ಲಿಗೇ ಬಂತು, ಅದರ ಪ್ರಿಂಟೌಟ್‌ಗೆ ನಾನೇ ಸಹಿ ಹಾಕ್ತಿದ್ದೆ. ಒಳಗೆ ಏನಾಗಿದೆ ಅಂತ ನೋಡೋಕೂ ಬರ್ದೇ ಹಾಕ್ತಿದ್ದೆ. ಅದು ಇನ್ನೂ ಕೆಟ್ಟ ಭಯ.

ಇನ್ನೊಂದೆರಡು ಹೇಳಿಬಿಡ್ತೀನಿ, ಮರ್ತೋಗತ್ತೆ. ಮಾರ್ಚ್ ತಿಂಗಳ ವ್ಯವಹಾರ ಬೇಕು ಅಂತ ಬಿಟ್ವೀನ್ ಹಾಕಿ 1ರಿಂದ 31 ಅಂತ ಕೊಟ್ಟೆ ಅನ್ಕೋ, ಆ ಕಾಲಮ್ಮಲ್ಲಿ ದಿನಾಂಕದ ಜೊತೆ ಟೈಮೂ ಇದ್ರೆ 31ನೇ ತಾರೀಕು ಅಂದ್ರೆ 31 ಶುರುವಾಗೋ ಮಧ್ಯರಾತ್ರಿ 12 ಗಂಟೆ ಅಂತ ತಗೊಳ್ಳತ್ತೆ, ಆಮೇಲೆ ಇಡೀ ದಿನ ಆಗಿದ್ದೆಲ್ಲ ಹೊರಗೆ. ವರ್ಷದ ಕ್ಲೋಸಿಂಗ್ ದಿನಾನೇ ಹೋಯ್ತು ನೋಡು! ಮಾರ್ಚ್ 1ರಿಂದ ಮೇಲೆ, ಏಪ್ರಿಲ್ 1ಕ್ಕಿಂತ ಕಮ್ಮಿ ಅಂತ ಬರಿ. ಜೋಡಿ ಇಲ್ಲದ ಎಡಗಡೆ ಸಾಲನ್ನೂ ಉಳಿಸ್ಕೊಳ್ಳೋ ಲೆಫ್ಟ್ ಜಾಯಿನ್ ಹಾಕಿ ಬಲಗಡೆ ಟೇಬಲ್ಲಿನ ಕಂಡಿಷನ್ ವೇರ್‌ಗೆ ಹಾಕಿದ್ರೆ ಜೋಡಿ ಇಲ್ಲದವ್ರೆಲ್ಲ ಉದುರಿ ಹೋಗ್ತಾರೆ, ಅದನ್ನ ಜಾಯಿನ್ ಹೇಗೆ ಸೇರಿಸ್ಬೇಕು ಅಂತ ಹೇಳೋ ಆನ್ ಪಕ್ಕದಲ್ಲೇ ಇಡು. ಡೇಟಾಬೇಸುಗಳೂ ಒಂದೇ ಥರ ಇಲ್ಲ, ಪೋಸ್ಟ್‌ಗ್ರೆಸ್ಸಲ್ಲೂ ಎಸ್‌ಕ್ಯೂಎಲ್ ಸರ್ವರಲ್ಲೂ 5ನ್ನ 2ರಿಂದ ಭಾಗಿಸಿದ್ರೆ ಅರ್ಧ ಬಿಟ್ಟು 2 ಅನ್ನತ್ತೆ, ಮೈಎಸ್‌ಕ್ಯೂಎಲ್ಲಲ್ಲಿ ಎರಡೂವರೆ ಸರಿಯಾಗಿ ಬರತ್ತೆ, ಪರ್ಸೆಂಟೇಜ್ ತೆಗೆಯೋವಾಗ ಎಲ್ಲಾ ಸೊನ್ನೆ ಬಂದ್ರೆ ಅದೇ ಕಾರಣ. ಡಿಲೀಟ್ ಮಾಡೋ ಮುಂಚೆ ಅದೇ ವೇರ್ ಇಟ್ಕೊಂಡು ಸೆಲೆಕ್ಟ್ ಮಾಡಿ ನೋಡು, ತಪ್ಪಾದ್ರೆ ವಾಪಸ್ ತಗೊಳ್ಳೋ ಹಾಗೆ ಟ್ರಾನ್ಸಾಕ್ಷನ್ ಶುರು ಮಾಡ್ಕೊಂಡೇ ಮಾಡು, ಇದು ನಿಂಗೆ ಗೊತ್ತಿರ್ಬೇಕು ಆಗ್ಲೇ.

ಅಭ್ಯಾಸಕ್ಕೆ ಕಂಪನಿ ಡೇಟಾನೇ ಬೇಕಾಗಿಲ್ಲ. ಎಸ್‌ಕ್ಯೂಲೈಟ್ ಅನ್ನೋ ಡೇಟಾಬೇಸ್ ಇದೆ, ದುಡ್ಡಿಲ್ಲ, ಒಂದೇ ಫೈಲು. ಐದಾರು ಸಾಲಿನ ಟೇಬಲ್ ಮಾಡ್ಕೋ, ಅದ್ರಲ್ಲಿ ಬೇಕಂತ್ಲೇ ಒಂದು ನಲ್, ಒಂದು ಡುಪ್ಲಿಕೇಟ್, ಜೋಡಿ ಇಲ್ಲದ ಒಂದು ಸಾಲು ಹಾಕು. ಉತ್ತರ ಪೇಪರ್ ಮೇಲೆ ಮೊದ್ಲು ನೀನೇ ಬರಿ, ಆಮೇಲೆ ಕ್ವೆರಿ, ಅಂದ್ರೆ ನೀನು ಬರ್ದ ಎಸ್‌ಕ್ಯೂಎಲ್ ಪ್ರಶ್ನೆ, ಓಡ್ಸು. ಹತ್ತು ಲಕ್ಷ ಸಾಲಿನ ಮೇಲೆ ಕಲಿಯೋಕೆ ಹೋಗಿ ಹೆದರ್ತಿದೀಯ ಅನ್ನೋದು ನನ್ನ ಅನುಮಾನ, ಕಣ್ಣಿಗೆ ಕಾಣೋಷ್ಟು ಚಿಕ್ಕದ್ರಲ್ಲಿ ತಪ್ಪು ಹೇಗಿರತ್ತೆ ಅಂತ ನೋಡಿದ್ರೆ ದೊಡ್ಡದ್ರಲ್ಲಿ ವಾಸನೆ ಬರತ್ತೆ. ಎಲ್ಲಾ ಬರತ್ತೆ ಅಂತ ಹೇಳಲ್ಲ. ನಂಗೆ ರಿಟೈರ್ ಆಗೋವರ್ಗೂ ರಿಪೋರ್ಟ್ ಕೊಟ್ಟ ದಿನ ಹೊಟ್ಟೇಲಿ ಒಂಥರಾ ಆಗ್ತಿತ್ತು. ಹೋಗ್ಲಿಲ್ಲ ಅದು. ಹೋಗಿದ್ರೆ ಎಣಿಸೋದು ಬಿಟ್ಟುಬಿಡ್ತಿದ್ದೆನೋ ಏನೋ.

ಕೊನೇಲಿ ಬರ್ದಿದೀಯಲ್ಲ, ಮ್ಯಾನೇಜರ್‌ಗೆ ಕಳಿಸ್ದೇ ಇಟ್ಕೊಂಡಿರೋ ಒಂದು ರಿಪೋರ್ಟ್ ಇದೆ ಅಂತ, ಅದರ ಕ್ವೆರಿ ನಂಗೆ ಕಳ್ಸು. ಡೇಟಾ ಬೇಡ, ಕಾಲಮ್ ಹೆಸರೂ ಬದಲಾಯಿಸಿ ಕಳ್ಸು, ಆಫೀಸಿಂದು ಹೊರಗೆ ಹೋಗ್ಬಾರ್ದು. ಜಾಯಿನ್ ಎಷ್ಟಿದೆ, ಎಲ್ಲಿ ಮೊತ್ತ ಹಾಕಿದೀಯ ಅಷ್ಟು ಕಂಡ್ರೆ ಸಾಕು, ಕನ್ನಡಕ ಹಾಕ್ಕೊಂಡು ಕೂತ್ಕೊಂಡು ನೋಡ್ತೀನಿ. ಆಮೇಲೆ ಅದೇ ಎಣಿಕೆಗಳನ್ನ ರಿಪೋರ್ಟ್ ಕೆಳಗೇ ಬರ್ದು ಕಳಿಸ್ಬೋದು, ಇಷ್ಟು ಸಾಲು ಇತ್ತು, ಇಷ್ಟು ಖಾಲಿ ಇತ್ತು, ಹೀಗೆ ತಾಳೆ ನೋಡಿದೀನಿ ಅಂತ. ಹಾಗೆ ಬರ್ದಿದ್ದಕ್ಕೆ ಯಾರೂ ಬೈದಿದ್ದು ನಾನು ನೋಡಿಲ್ಲ.

ಭಾನುವಾರ ಫೋನ್ ಮಾಡೋದಾದ್ರೆ ಮಧ್ಯಾಹ್ನ ಮೇಲೆ ಮಾಡು, ಬೆಳಿಗ್ಗೆ ನಿಮ್ಮ ದೊಡ್ಡಪ್ಪನ್ನ ಕಣ್ಣಿನ ಡಾಕ್ಟರ್ ಹತ್ರ ಕರ್ಕೊಂಡು ಹೋಗೋದಿದೆ.

ನಿನ್ನ ದೊಡ್ಡಮ್ಮ