ದೇವಿಮನೆ ಘಾಟಿನಲ್ಲಿ ಸಿಕ್ಕ ಮೀನು ಗಾಡಿಯ ಅಣ್ಣನಿಗೆ

ಕಳೆದ ಶನಿವಾರ ಮಧ್ಯಾಹ್ನ ಶಿರಸಿಯಿಂದ ಕುಮಟಾಕ್ಕೆ ಇಳಿಯುವಾಗ ದೇವಿಮನೆ ಘಾಟಿನಲ್ಲಿ ನನ್ನ ಸ್ಕೂಟರಿನ ಬೆಲ್ಟ್ ತುಂಡಾಯಿತು. ಜೋರು ಮಳೆ. ಸಿಗ್ನಲ್ ಇಲ್ಲ. ಹಿಂದೆ ಅಮ್ಮ ಬೇರೆ. ನಾಲ್ಕೈದು ಕಾರು ಹಾರ್ನ್ ಹೊಡೆದುಕೊಂಡು ಹೋದವು. ಒಬ್ಬರು ಗಾಜು ಇಳಿಸಿ, "ಜೋಪಾನ ಆಯ್ತಾ" ಎಂದರು. ಅಷ್ಟೇ.

ನೀವು ನಿಲ್ಲಿಸಿದಿರಿ. ಶಿರಸಿಯಲ್ಲಿ ಮೀನು ಇಳಿಸಿ ವಾಪಸು ಹೊರಟಿದ್ದ ಪಿಕಪ್. ಖಾಲಿ ಕ್ರೇಟುಗಳನ್ನು ಒಂದರ ಮೇಲೊಂದು ಪೇರಿಸಿ, ಸ್ಕೂಟರ್ ಎತ್ತಿಟ್ಟು, ಹಗ್ಗ ಬಿಗಿದಿರಿ. ಅಮ್ಮನಿಗೆ ತಲೆ ಒರೆಸಿಕೊಳ್ಳಲು ನಿಮ್ಮದೇ ಟವೆಲ್ ಕೊಟ್ಟಿರಿ. ಕನ್ನಡಿಯಲ್ಲಿ ಜಪಮಾಲೆ ತೂಗುತ್ತಿತ್ತು. ನಾವೂ ಚರ್ಚಿಗೆ ಹೋಗುವವರೇ ಎಂದೆ. "ಹೌದಾ" ಎಂದು ಸುಮ್ನೆ ಗೇರ್ ಬದಲಿಸಿದಿರಿ.

ಕುಮಟಾದ ಗ್ಯಾರೇಜಿನ ಎದುರು ಇಳಿಸಿ ಹಣ ಬೇಡ ಎಂದಿರಿ. ಅಮ್ಮ ಕೊಂಕಣಿಯಲ್ಲಿ "ದೇವ್ ಬರೆಂ ಕರುಂ", ದೇವರು ಒಳ್ಳೆಯದು ಮಾಡಲಿ, ಎಂದಾಗ ಮಾತ್ರ ನಕ್ಕಿರಿ. ಹೆಸರು ಕೇಳುವುದೇ ಮರೆತೆ ನೋಡಿ!

ಬೈಬಲಿನ ಯಾಕೋಬನ ಪತ್ರದ 2ನೇ ಅಧ್ಯಾಯವನ್ನು ನಾನು ಚರ್ಚಿನಲ್ಲಿ ಗಟ್ಟಿಯಾಗಿ ಓದಿದ್ದೇನೆ. ಬಟ್ಟೆ, ಊಟ ಇಲ್ಲದವರಿಗೆ ಏನೂ ಕೊಡದೆ, ಬೆಚ್ಚಗಿರಿ, ಹೊಟ್ಟೆ ತುಂಬ ತಿನ್ನಿ ಎಂದರೆ ಏನು ಉಪಯೋಗ ಅಂತ ಕೇಳುತ್ತಾನೆ ಅವನು. ಕ್ರಿಯೆ ಇಲ್ಲದ ನಂಬಿಕೆ ಸತ್ತದ್ದು ಎನ್ನುತ್ತಾನೆ. "ಜೋಪಾನ" ಎಂದವರ ಮೇಲೆ ಅವತ್ತು ಸಿಟ್ಟು ಬಂದಿತ್ತು. ಆದರೆ ನಾನೂ ಎಷ್ಟೋ ಸಲ ಹಾಗೇ ಹೋದವನು, ಅಲ್ವಾ?

ನಿಮ್ಮ ಟವೆಲ್ ಅಮ್ಮನ ಹತ್ತಿರವೇ ಉಳಿದಿದೆ. ಎರಡು ಸಲ ಒಗೆದಿದ್ದಾರೆ. ಮೀನಿನ ವಾಸನೆ ಇನ್ನೂ ಪೂರ್ತಿ ಹೋಗಿಲ್ಲ.