ಅಮ್ಮಂಗೆ, ಹಾಂಗ್ ಕಾಂಗ್‌ನಿಂದ

ಅಮ್ಮ,

ಪಕ್ಕದ್ಮನೆ ಹುಡುಗಿ ಮದುವೆ ಊಟಕ್ಕೆ ಮಲ್ಲಿಗೆ ಮುಡ್ಕೊಂಡು ಬರ್ಲಾ ಅಂತ ಕೇಳಿದ್ಯಲ್ಲ, ಬೇಡಮ್ಮ. ಇಲ್ಲಿ ತಲೇಲಿ ಬಿಳಿ ಹೂ ಅಂದ್ರೆ ಸಾವಿನ ಗುರುತು. ಮನೇಲಿ ಯಾರಾದ್ರೂ ತೀರ್ಕೊಂಡ್ರೆ ಹೆಂಡ್ತಿ, ಹೆಣ್ಮಕ್ಳು, ಸೊಸೆ ಎಲ್ಲಾ ಬಿಳಿ ಉಲನ್ ದಾರದಲ್ಲಿ ಮಾಡಿದ ಪುಟ್ಟ ಹೂನ ಕ್ಲಿಪ್ ಹಾಕಿ ಕೂದ್ಲಿಗೆ ಸಿಗಿಸ್ಕೋತಾರೆ, ಅದಕ್ಕೆ ಇಲ್ಲಿನ ಕ್ಯಾಂಟೊನೀಸ್ ಭಾಷೇಲಿ ‘ದಾಯ್ ಹಾವ್’ ಅಂತಾರೆ, ದಾಯ್ ಅಂದ್ರೆ ತೊಡೋದು, ಹಾವ್ ಅಂದ್ರೆ ಸಾವಿನ ಶೋಕ. ನಮ್ಮಲ್ಲಿ ನೋಡು, ತಾತ ಹೋದ್ಮೇಲೆ ಅಜ್ಜಿ ಒಂದು ಮೊಗ್ಗೂ ಮುಡೀಲಿಲ್ಲ, ಇಲ್ಲಿ ಗಂಡ ಹೋದ್ರೆ ತಲೆಗೆ ಹೂ ಇಡ್ತಾರೆ! ಎರಡರಲ್ಲಿ ಯಾವುದು ವಾಸಿ ಅಂತ ನನ್ನ ಕೇಳ್ಬೇಡ, ಅಜ್ಜಿ ವಿಷಯದಲ್ಲಿ ನಂಗೆ ಇವತ್ತಿಗೂ ಸಿಟ್ಟಿದೆ.

ಹಾವ್ ತೆಗೆದು ಅಲ್ಲಿ ‘ಫಾ’, ಅಂದ್ರೆ ಹೂ, ಹಾಕಿ ‘ದಾಯ್ ಫಾ’ ಅಂತ ಹೇಳಿದ್ರೆ ಅದು ಬರೀ ಹೂ ಮುಡಿಯೋದು. ಆದ್ರೆ ಈ ದಾಯ್ ಟೋಪಿಗೂ ಅದೇ, ಕನ್ನಡಕಕ್ಕೂ ಅದೇ, ವಾಚಿಗೂ ಅದೇ, ಬಟ್ಟೆಗೆ ಮಾತ್ರ ಬೇರೆ. ಎದೆ ಮೇಲೆ ಪಿನ್ ಮಾಡ್ಕೊಂಡ ಹೂಗೂ ದಾಯ್ ಅನ್ನೋದ್ರಿಂದ ತಲೆಗೆ ಅಂತ ಬಿಡಿಸಿ ಹೇಳ್ಬೇಕು, ನಮ್ಮ ಹಾಗೆ ಮುಡ್ಕೊಂಡ್ಲು ಅಂದ್ಬಿಟ್ರೆ ಮುಗೀಲಿಲ್ಲ. ‘ಜಾಮ್ ಫಾ’ ಅಂತ ಇನ್ನೊಂದಿದೆ, ಜಾಮ್ ಅಂದ್ರೆ ತುರುಬಿನ ಕಡ್ಡಿ, ಆದ್ರೆ ಅದು ಸ್ವಲ್ಪ ಪುಸ್ತಕದ ಮಾತು. ಸಾಂಗ್ ರಾಜರ ಕಾಲದಲ್ಲಿ ಚೀನಾದಲ್ಲಿ ಗಂಡಸರೂ ಹೂ ಮುಡೀತಿದ್ರಂತೆ, ಅಪ್ಪಂಗೆ ಹೇಳು!

ಮದುವೆ ಹಿಂದಿನ ರಾತ್ರಿ ಹುಡುಗಿಗೆ ತಲೆ ಬಾಚೋ ಶಾಸ್ತ್ರ ಇದೆ, ‘ಸ್ಯೋಂಗ್ ತಾವ್’ ಅಂತ. ಗಂಡ ಮಕ್ಕಳು ಇರೋ ಮುತ್ತೈದೆಯೇ ಬಾಚ್ಬೇಕು, ಒಂದೊಂದ್ಸಲ ಬಾಚಿದಾಗ್ಲೂ ಒಂದೊಂದು ಒಳ್ಳೇ ಮಾತು ಹೇಳ್ತಾರೆ, ಆಮೇಲೆ ಕೆಂಪು ದಾರ ಸುತ್ತಿ ಸೈಪ್ರೆಸ್ ಮರದ ಹಸಿರು ಕುಡಿ ಒಂದು ಸಿಗಿಸ್ತಾರೆ. ಹಸಿರು ಕೆಂಪು ಎರಡೂ ಇದೆ, ಬಿಳಿ ಮಾತ್ರ ಇಲ್ಲ ನೋಡು.

ಅದಕ್ಕೇ ನೀನು ಬಂದ್ಮೇಲೆ ಪ್ರಿನ್ಸ್ ಎಡ್ವರ್ಡ್ ಸ್ಟೇಷನ್ ಹತ್ರ ಹೂವಿನ ಮಾರ್ಕೆಟ್ಟಿಗೆ ಹೋಗಿ ಕೆಂಪು ಗುಲಾಬಿ ತರೋಣ. ಆ ಕ್ರೀಮ್ ಕಲರ್ ಸೀರೆನೂ ಬೇಡ, ಮೆರೂನ್ ಮೈಸೂರ್ ಸಿಲ್ಕ್ ಇಟ್ಕೋ. ಮಲ್ಲಿಗೇನ ಹ್ಯಾಪಿ ವ್ಯಾಲಿ ಹಿಂದೂ ದೇವಸ್ಥಾನಕ್ಕೆ ಹೋಗೋವಾಗ ಮುಡ್ಕೋ, ಅಲ್ಲಿ ಯಾರೂ ಏನೂ ಅನ್ಕೊಳಲ್ಲ. ಬೇಸಿಗೇಲಿ ಇಲ್ಲಿ ಮುದುಕಮ್ಮಂದಿರು ಫುಟ್‌ಪಾತಲ್ಲಿ ಕೂತ್ಕೊಂಡು ‘ಬಾಕ್ ಲಾನ್ ಫಾ’ ಮಾರ್ತಾರೆ, ನಮ್ಮ ಸಂಪಿಗೆ ಜಾತೀದೇ ಆದ್ರೆ ಬಿಳಿ, ಘಮ್ಮಂತಿರತ್ತೆ. ಅದನ್ನ ಬ್ಲೌಸಿಗೆ ಪಿನ್ ಮಾಡ್ಕೋತಾರೆ ಇಲ್ಲಾ ಬ್ಯಾಗಲ್ಲಿ ಹಾಕ್ಕೋತಾರೆ, ತಲೆಗಿಲ್ಲ.

ಹೇರ್‌ಪಿನ್ ಒಂದು ಪ್ಯಾಕೆಟ್ ಜಾಸ್ತೀನೇ ತಾ, ಇಲ್ಲಿ ಸಿಗೋವು ನಿನ್ನ ಕೂದ್ಲಿಗೆ ನಿಲ್ಲಲ್ಲ. ಚಟ್ನಿಪುಡಿ ಮರೀಬೇಡ.

ನಿನ್ನ ಮಗಳು